ಕಾವು ಮತ್ತು ಕಾಪು: ಬೆಳಗಾವಿ–ಖಾನಾಪುರ ಸೀಮೆಯಲ್ಲಿ ತತ್ತಿಯ ಕಾವಿನ ಪೂರ್ವೋತ್ತರವಿಚಾರ

ಕನ್ನಡದಲ್ಲಿ ‘ಕಾಯ್’ ಎಂಬ ಧಾತುವಿಗೆ ಎರಡು ಅರ್ಥಗಳು ರೂಢಿಯಲ್ಲಿವೆ. ಬಿಸಿಯಾಗುವುದು ಒಂದು, ರಕ್ಷಿಸುವುದು ಇನ್ನೊಂದು. ಒಲೆಯ ಮೇಲೆ ಹಾಲು ಕಾಯುತ್ತದೆ. ಗೋಮಾಳದಲ್ಲಿ ಗೋವಳನು ದನ ಕಾಯುತ್ತಾನೆ. ಮೊದಲನೆಯದರಿಂದ ‘ಕಾವು’, ‘ಕಾಯ್ಪು’ ಎಂಬ ನಾಮಪದಗಳೂ ಎರಡನೆಯದರಿಂದ ‘ಕಾಪು’, ‘ಕಾವಲು’ ಎಂಬವೂ ಹುಟ್ಟಿವೆ. ಬರ್ರೋ ಮತ್ತು ಎಮೆನೋ ಎಂಬ ವಿದ್ವಾಂಸರು ೧೯೬೧ರಲ್ಲಿ ಪ್ರಕಟಿಸಿದ ದ್ರಾವಿಡ ನಿರುಕ್ತಕೋಶದಲ್ಲಿ ಇವೆರಡನ್ನೂ ಪ್ರತ್ಯೇಕ ಮೂಲಗಳಾಗಿ ಎಣಿಸಿದ್ದಾರೆ. ಸೋದರಭಾಷೆಗಳ ಸಾಕ್ಷ್ಯವನ್ನು ನೋಡಿದರೆ ಹಾಗೆ ಎಣಿಸುವುದೇ ಯುಕ್ತವು. ಆದರೂ ಲೋಕವ್ಯವಹಾರದಲ್ಲಿ ಈ ಎರಡು ಧಾತುಗಳೂ ಒಂದೇ ಎಡೆಯಲ್ಲಿ ಕೂಡುವ ಸ್ಥಳವೊಂದುಂಟು. ಹೇಂಟೆಯು ತತ್ತಿಗಳ ಮೇಲೆ ಕುಳಿತಾಗ ‘ಕೋಳಿ ಕಾವಿಗೆ ಕೂತಿದೆ’ ಎನ್ನುವರು. ಆಗ ಅದು ತತ್ತಿಯನ್ನು ಬಿಸಿಮಾಡುತ್ತಿರುವುದೋ ಕಾಯುತ್ತಿರುವುದೋ ಎಂದು ಕೇಳಿದರೆ ಎರಡೂ ಹೌದೆಂದೇ ಉತ್ತರ. ಬೆಕ್ಕು ಬಳಿಗೆ ಬಂದರೆ ರೆಕ್ಕೆ ಕೆದರಿ ಮೇಲೇಳುವ ಹೇಂಟೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಕಾವನ್ನು ತಾಯಿಯಿಂದ ಬೇರ್ಪಡಿಸಿ ಪೆಟ್ಟಿಗೆಯೊಳಗೆ ನಿಲ್ಲಿಸುವ ಪದ್ಧತಿಯು ಈಗ ಬೆಳಗಾವಿ ನಗರದ ಮನೆಗಳಿಗೂ ಖಾನಾಪುರ ತಾಲೂಕಿನ ಹಳ್ಳಿಗಳಿಗೂ ಬಂದಿದೆ. ಶಾಖವನ್ನು ಹೊರಗೆ ಬಿಡದ ಹಗುರವಾದ ಪೆಟ್ಟಿಗೆ, ಒಳಗೆ ಒಂದೆರಡು ವಿದ್ಯುದ್ದೀಪ, ಉಷ್ಣವು ಮಿತಿಯನ್ನು ಮುಟ್ಟಿದೊಡನೆ ದೀಪವನ್ನು ನಂದಿಸುವ ಒಂದು ಸಣ್ಣ ಉಪಕರಣ, ಗಾಳಿಯನ್ನು ತಿರುಗಿಸುವ ಬೀಸಣಿಗೆ, ನೀರಿನ ಬಟ್ಟಲು. ಇಷ್ಟರಿಂದ ಇಪ್ಪತ್ತು ಮೂವತ್ತು ತತ್ತಿಗಳನ್ನು ಮನೆಯಲ್ಲಿಯೇ ಮರಿಮಾಡುವರು. ಜನರು ಇದನ್ನು ಇನ್‌ಕ್ಯುಬೇಟರ್ ಎಂದೇ ಕರೆಯುತ್ತಾರೆ. ಆ ಹೆಸರಿನ ಮೂಲವಾದ ಲ್ಯಾಟಿನ್ ಧಾತುವಿಗೆ ‘ಮೇಲೆ ಮಲಗು’ ಎಂದರ್ಥ. ಯಾರೂ ಮೇಲೆ ಮಲಗಬಾರದೆಂದು ಮಾಡಿದ ಯಂತ್ರಕ್ಕೆ ಮಲಗುವುದೇ ಹೆಸರಾದುದು ಒಂದು ವಿನೋದ.

ಇಂಥ ಯಂತ್ರವು ಪ್ರಾಚೀನ ಭಾರತೀಯರಿಗೆ ತಿಳಿದೇ ಇದ್ದಿತೆಂದು ಮಹಾಭಾರತದ ಆದಿಪರ್ವವನ್ನು ಮುಂದಿಟ್ಟು ವಾದಿಸಲು ಅವಕಾಶವುಂಟು. ಕೋಳಿಯ ಸಾಕಣೆಯಂಥ ವಿಷಯಕ್ಕೆ ಸಂಸ್ಕೃತ ವಾಙ್ಮಯದಲ್ಲಿ ಎಡೆಯೇ ಇಲ್ಲವೆಂದು ತಳ್ಳಿಹಾಕಲೂ ಅವಕಾಶವುಂಟು. ಈ ಎರಡು ಪಕ್ಷಗಳಲ್ಲಿ ಯಾವುದೂ ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ. ಗ್ರಂಥಗಳಲ್ಲಿ ಸಾಕ್ಷ್ಯವುಂಟು, ಆದರೆ ಅದು ಯಂತ್ರದ ಸಾಕ್ಷ್ಯವಲ್ಲ, ನೋಟದ ಸಾಕ್ಷ್ಯ. ಆ ನೋಟವು ಯಾರದು ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಮೊದಲು ಪಕ್ಷಿಯ ವಿಷಯ. ಖಾನಾಪುರದ ಪಶ್ಚಿಮಕ್ಕೆ, ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಯ ಕಾಡುಗಳಲ್ಲಿ, ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಸುತ್ತ, ಬೂದುಬಣ್ಣದ ಕಾಡುಕೋಳಿಯ ಕೂಗು ಇಂದಿಗೂ ಕೇಳಬರುತ್ತದೆ. ಊರ ಕೋಳಿಯ ಮೂಲಪುರುಷನು ಇದಲ್ಲ. ಕೆಂಪು ಕಾಡುಕೋಳಿಯೆಂಬ ಬೇರೊಂದು ಜಾತಿ. ಅದರ ನೆಲೆಯು ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯದವರೆಗೆ ಹಬ್ಬಿದ್ದು, ದಕ್ಷಿಣದಲ್ಲಿ ಗೋದಾವರಿಯ ಸೀಮೆಗೆ ನಿಲ್ಲುತ್ತದೆ. ಆದರೆ ೨೦೦೮ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆಯೊಂದು ವಿಚಿತ್ರವಾದ ಸಂಗತಿಯನ್ನು ತೋರಿಸಿಕೊಟ್ಟಿತು: ಸಾಕುಕೋಳಿಗಳ ಕಾಲಿನಲ್ಲಿಯೂ ಚರ್ಮದಲ್ಲಿಯೂ ಕಾಣುವ ಹಳದಿ ಬಣ್ಣವು ಕೆಂಪು ಕಾಡುಕೋಳಿಯಿಂದ ಬಂದುದಲ್ಲ, ಬೂದು ಕಾಡುಕೋಳಿಯಿಂದ ಬಂದುದು. ಎಂದರೆ ಎಂದೋ ಒಮ್ಮೆ ದಕ್ಷಿಣ ದೇಶದ ಕಾಡಂಚಿನಲ್ಲಿ ಊರ ಕೋಳಿಗೂ ಕಾಡುಕೋಳಿಗೂ ಸಾಂಕರ್ಯವಾಗಿ, ಆ ಗುರುತು ಜಗತ್ತಿನ ಕೋಳಿಗಳಲ್ಲೆಲ್ಲ ಹರಡಿದೆ. ಬೆಳಗಾವಿಯ ಸಂತೆಯಲ್ಲಿ ಮಾರುವ ಹಳದಿ ಕಾಲಿನ ಜವಾರಿ ಕೋಳಿಗೂ ಭೀಮಗಡದ ಕಾಡುಕೋಳಿಗೂ ಇಷ್ಟರಮಟ್ಟಿನ ದಾಯಾದಿತನವುಂಟು.

ಕಾಡು–ಊರುಗಳ ಈ ಭೇದವು ವೈಯಾಕರಣರಿಗೆ ಚೆನ್ನಾಗಿ ತಿಳಿದಿದ್ದಿತು. ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ನಿಯಮದ ಸ್ವರೂಪವನ್ನು ವಿವರಿಸುತ್ತ, ಗ್ರಾಮಕುಕ್ಕುಟವು ಅಭಕ್ಷ್ಯವೆಂದು ಹೇಳಿದರೆ ಆರಣ್ಯಕುಕ್ಕುಟವು ಭಕ್ಷ್ಯವೆಂದು ತಾನಾಗಿಯೇ ತೋರುತ್ತದೆಂದು ಉದಾಹರಿಸುತ್ತಾನೆ. ಮನುಸ್ಮೃತಿಯಲ್ಲಿಯೂ ಗ್ರಾಮಕುಕ್ಕುಟವು ನಿಷಿದ್ಧಗಳ ಪಟ್ಟಿಯಲ್ಲಿದೆ. ಈ ನಿಷೇಧದ ಫಲವು ಆಹಾರಕ್ಕೆ ಮಾತ್ರ ತಟ್ಟಲಿಲ್ಲ, ಗ್ರಂಥಗಳಿಗೂ ತಟ್ಟಿತು. ಯಾವ ಪ್ರಾಣಿಯು ಶಾಸ್ತ್ರಕಾರನ ಮನೆಯ ಅಂಗಳಕ್ಕೆ ಬಾರದೋ ಅದರ ಪೋಷಣೆಯ ಕ್ರಮವನ್ನು ಅವನು ಬರೆಯನು. ಅಶ್ವಶಾಸ್ತ್ರವುಂಟು, ಗಜಶಾಸ್ತ್ರವುಂಟು, ಗಿಡುಗವನ್ನು ಸಾಕುವ ಬಗೆಯನ್ನು ತಿಳಿಸುವ ಶ್ಯೈನಿಕಶಾಸ್ತ್ರವೂ ಉಂಟು; ಕೋಳಿಯ ಪೋಷಣೆಗೆ ಅಂಥ ಪ್ರಸಿದ್ಧ ಶಾಸ್ತ್ರವಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕುಕ್ಕುಟಲಕ್ಷಣವೆಂಬ ಸಣ್ಣ ಅಧ್ಯಾಯವೊಂದಿದೆ. ಅಲ್ಲಿ ಹೇಂಟೆಯ ಮಾತು ಬಂದರೂ ಅದು ಶುಭಾಶುಭದ ಮಾತೇ ಹೊರತು ತತ್ತಿ–ಮರಿಗಳ ಮಾತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುಕ್ಕುಟವಿನೋದಕ್ಕೆ ಸ್ಥಾನವಿತ್ತಿದ್ದಾನೆ. ಅದು ಹುಂಜಗಳ ಕಾಳಗದ ಪ್ರಕರಣ. ಅರಮನೆಗೆ ಬೇಕಾದುದು ಹುಂಜದ ಮುಳ್ಳುಗಾಲು, ಹೇಂಟೆಯ ಕಾವಲ್ಲ.

ಪಾಠಶಾಲೆಯ ವಿದ್ಯಾರ್ಥಿಗೂ ಕೋಳಿಯ ಪರಿಚಯವಾಗುವುದು ಹುಂಜದ ಮೂಲಕವೇ. ಹ್ರಸ್ವ, ದೀರ್ಘ, ಪ್ಲುತ ಎಂಬ ಕಾಲಭೇದಗಳನ್ನು ಹೇಳುವ ಪಾಣಿನೀಯ ಸೂತ್ರದಲ್ಲಿ ಅಕಾರವನ್ನು ಬಿಟ್ಟು ಉಕಾರವನ್ನೇ ಏಕೆ ಹಿಡಿದನೆಂದರೆ, ಬೆಳಗಿನ ಕೋಳಿಯ ಕೂಗಿನಲ್ಲಿ ಈ ಮೂರು ಮಾತ್ರೆಗಳೂ ಕ್ರಮವಾಗಿ ಕೇಳಿಬರುವುದರಿಂದ ಎಂದು ಗುರುಗಳು ಸಮಾಧಾನ ಹೇಳುವರು. ಇದಕ್ಕಿಂತ ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು ಕಾತ್ಯಾಯನನ ವಾರ್ತಿಕವೊಂದು. ಕುಕ್ಕುಟೀ ಮೊದಲಾದ ಶಬ್ದಗಳು ಅಂಡಾದಿ ಶಬ್ದಗಳೊಡನೆ ಸಮಾಸವಾಗುವಾಗ ಪುಂವದ್ಭಾವವನ್ನು ಹೊಂದುತ್ತವೆಂದು ಅದರ ತಾತ್ಪರ್ಯ. ಆದುದರಿಂದ ‘ಕುಕ್ಕುಟ್ಯಂಡ’ವಾಗದೆ ‘ಕುಕ್ಕುಟಾಂಡ’ವೆಂದಾಗುವುದು. ಇಟ್ಟವಳು ಹೇಂಟೆ, ಕಾವು ಕೊಟ್ಟವಳು ಹೇಂಟೆ. ಸಮಾಸದಲ್ಲಿ ಹೆಸರುಳಿದುದು ಹುಂಜದ್ದು! ವ್ಯಾಕರಣಕ್ಕೆ ಇದರಲ್ಲಿ ದುರುದ್ದೇಶವೇನೂ ಇಲ್ಲ; ಜಾತಿಮಾತ್ರವು ವಿವಕ್ಷಿತವೆಂದು ಭಾಷ್ಯವು ನಿರ್ವಹಿಸುತ್ತದೆ. ಆದರೆ ಶಾಸ್ತ್ರದ ದೃಷ್ಟಿಯು ಎತ್ತ ಹರಿದಿತ್ತೆಂಬುದಕ್ಕೆ ಈ ಸಮಾಸವನ್ನು ಕುರುಹಾಗಿ ಇಟ್ಟುಕೊಳ್ಳಬಹುದು.

ಹೀಗೆ ಶಾಸ್ತ್ರವು ಮೌನವಾದ ಎಡೆಯಲ್ಲಿ ಉಪಮಾನಗಳೂ ಕಥೆಗಳೂ ಮಾತನಾಡುತ್ತವೆ. ಅವುಗಳಲ್ಲಿ ಅಗ್ರಗಣ್ಯವಾದುದು ಪಾಲಿ ತ್ರಿಪಿಟಕದ ಉಪಮಾನ. ಮಜ್ಝಿಮನಿಕಾಯದ ಚೇತೋಖಿಲಸುತ್ತದಲ್ಲಿಯೂ ಬೇರೆ ಕೆಲವು ಎಡೆಗಳಲ್ಲಿಯೂ ಸಾಧಕನನ್ನು ಕಾವಿನ ಹೇಂಟೆಗೆ ಹೋಲಿಸಿದೆ. ಎಂಟೋ ಹತ್ತೋ ಹನ್ನೆರಡೋ ತತ್ತಿಗಳ ಮೇಲೆ ಹೇಂಟೆಯು ಸರಿಯಾಗಿ ಮಲಗಿ, ಸರಿಯಾಗಿ ಬಿಸಿಮಾಡಿ, ಸರಿಯಾಗಿ ಭಾವಿಸಿದ್ದರೆ, ಮರಿಗಳು ಹೊರಬರಲಿ ಎಂಬ ಬಯಕೆಯು ಅದಕ್ಕೆ ಹುಟ್ಟದಿದ್ದರೂ ಮರಿಗಳು ಉಗುರಿನಿಂದಲೋ ಕೊಕ್ಕಿನಿಂದಲೋ ಓಡನ್ನು ಒಡೆದು ಕ್ಷೇಮವಾಗಿ ಬಂದೇ ಬರುವುವೆಂದು ಅಲ್ಲಿಯ ಅಭಿಪ್ರಾಯ. ಇಲ್ಲಿ ಹೇಂಟೆಯ ವ್ಯಾಪಾರವನ್ನು ಮೂರಾಗಿ ಒಡೆದಿರುವುದು ಗಮನಾರ್ಹವು: ಅಧಿಶಯನ, ಪರಿಸ್ವೇದನ, ಪರಿಭಾವನ. ಅಧಿಶಯನವೆಂದರೆ ಮೇಲೆ ಮಲಗುವುದು. ಲ್ಯಾಟಿನ್ ಶಬ್ದಕ್ಕೆ ಇದು ಅಕ್ಷರಶಃ ಸಂವಾದಿ. ಪರಿಸ್ವೇದನವು ಸುತ್ತಲೂ ಬೆಚ್ಚಗೆ ಮಾಡುವುದು. ಪರಿಭಾವನವು ಒಳಗೆಲ್ಲ ವ್ಯಾಪಿಸುವಂತೆ ಮಾಡುವುದು. ವೈದ್ಯರು ಔಷಧಿಗೆ ಭಾವನೆ ಕೊಡುವರೆಂಬಲ್ಲಿಯ ಅರ್ಥವೇ ಇಲ್ಲಿಯದು. ಕಾವು ಎಂಬುದು ಬರಿಯ ಬಿಸಿಯಲ್ಲವೆಂಬ ವಿವೇಕವು ಈ ವಿಭಾಗದಲ್ಲಿಯೇ ಅಡಗಿದೆ.

ಐದನೆಯ ಶತಮಾನದ ಬುದ್ಧಘೋಷನು ವಿನಯಪಿಟಕದ ಅಟ್ಠಕಥೆಯಲ್ಲಿ ಈ ಉಪಮಾನವನ್ನು ಬಿಡಿಸುತ್ತ ಇನ್ನೂ ಮುಂದೆ ಹೋಗುತ್ತಾನೆ. ಕಾವಿನಿಂದ ತತ್ತಿಯೊಳಗಿನ ಹಸಿಯಾದ ಸ್ನೇಹವು ಕ್ಷಯಿಸುತ್ತದೆ, ಓಡು ತೆಳ್ಳಗಾಗುತ್ತದೆ, ಮರಿಯ ಉಗುರೂ ಕೊಕ್ಕೂ ಗಡುಸಾಗುತ್ತವೆ, ತೆಳ್ಳಗಾದ ಓಡಿನ ಮೂಲಕ ಹೊರಗಿನ ಬೆಳಕು ಒಳಗೆ ತೋರುತ್ತದೆ, ಆಗ ಮರಿಯು ಕೊರಳು ಚಾಚಿ ಓಡನ್ನು ಒಡೆಯುತ್ತದೆ. ಇದನ್ನು ಇಂದಿನ ಜೀವಶಾಸ್ತ್ರದೊಡನೆ ಹೋಲಿಸಿ ನೋಡಬೇಕು. ಇಪ್ಪತ್ತೊಂದು ದಿನಗಳಲ್ಲಿ ಕೋಳಿಯ ತತ್ತಿಯು ತನ್ನ ತೂಕದ ನೂರಕ್ಕೆ ಸುಮಾರು ಹನ್ನೆರಡು ಹದಿಮೂರು ಪಾಲನ್ನು ನೀರಾವಿಯಾಗಿ ಕಳೆದುಕೊಳ್ಳುವುದು. ಭ್ರೂಣವು ತನ್ನ ಎಲುಬಿಗಾಗಿ ಓಡಿನ ಸುಣ್ಣವನ್ನು ಒಳಗಿನಿಂದ ಹೀರುವುದರಿಂದ ಓಡು ನಿಜವಾಗಿಯೂ ತೆಳ್ಳಗಾಗುವುದು. ಕೊಕ್ಕಿನ ತುದಿಯಲ್ಲಿ ಓಡನ್ನು ಒಡೆಯುವುದಕ್ಕಾಗಿಯೇ ಒಂದು ಗಡುಸಾದ ಮೊನೆಯು ಹುಟ್ಟಿ, ಹೊರಬಂದ ಕೆಲವು ದಿನಗಳಲ್ಲಿ ಉದುರಿಹೋಗುವುದು. ಬುದ್ಧಘೋಷನ ಉಗುರಿನ ಮಾತೊಂದನ್ನು ಬಿಟ್ಟರೆ ಉಳಿದುದೆಲ್ಲವೂ ಪ್ರತ್ಯಕ್ಷಕ್ಕೆ ಹೊಂದುತ್ತದೆ. ಧರ್ಮೋಪದೇಶಕ್ಕೆ ಇಷ್ಟು ವಿವರವು ಬೇಕಿರಲಿಲ್ಲ. ಕೋಳಿಯನ್ನು ಸಾಕಿದವರ ಬಾಯಿಂದ ಕೇಳಿದುದನ್ನೇ ವ್ಯಾಖ್ಯಾನಕಾರರು ಕಾಪಿಟ್ಟಿರಬೇಕೆಂದು ಊಹಿಸುವುದು ಅಸಂಗತವಾಗದು.

ಆಗಮಗಳಲ್ಲಿ ಇದೇ ಉಪಮಾನವು ದೀಕ್ಷಾಪ್ರಕರಣಕ್ಕೆ ಸೇರಿಕೊಂಡಿತು. ಕುಲಾರ್ಣವತಂತ್ರದಲ್ಲಿ ಗುರುವಿನ ಅನುಗ್ರಹವನ್ನು ಮೂರು ಪ್ರಾಣಿಗಳ ಮೂಲಕ ನಿದರ್ಶಿಸಿದೆ: ಪಕ್ಷಿಯು ರೆಕ್ಕೆಯ ಸ್ಪರ್ಶದಿಂದ, ಮೀನು ನೋಟದಿಂದ, ಆಮೆಯು ಧ್ಯಾನಮಾತ್ರದಿಂದ ಮರಿಗಳನ್ನು ಪೋಷಿಸುವುದೆಂದು. ಮೀನಿನ ನೋಟವೂ ಆಮೆಯ ಧ್ಯಾನವೂ ಕವಿಸಮಯಗಳು. ಆಮೆಯು ಮರಳಿನಲ್ಲಿ ತತ್ತಿಯನ್ನು ಹೂಳಿ ಹೋಗುತ್ತದೆ, ಮರಿಮಾಡುವುದು ಬಿಸಿಲು ಕಾಯಿಸಿದ ಮರಳು. ತಾಯಿಯಿಲ್ಲದೆಯೂ ತತ್ತಿಯು ಮರಿಯಾಗಬಲ್ಲುದೆಂಬುದಕ್ಕೆ ಲೋಕದಲ್ಲಿ ಇದಕ್ಕಿಂತ ಸ್ಫುಟವಾದ ದೃಷ್ಟಾಂತವಿಲ್ಲ. ಆದರೂ ಅಲ್ಲಿ ತಾಯಿಯ ಸ್ಮರಣೆಯನ್ನು ಕಲ್ಪಿಸದೆ ಪ್ರಾಚೀನರಿಗೆ ಸಮಾಧಾನವಾಗಲಿಲ್ಲ.

ಇನ್ನು ಆದಿಪರ್ವದ ಮಾತು. ಆಸ್ತೀಕಪರ್ವದಲ್ಲಿ ಕಶ್ಯಪನ ಪತ್ನಿಯರಾದ ಕದ್ರೂ ವಿನತೆಯರು ಕ್ರಮವಾಗಿ ಸಾವಿರ ಮತ್ತು ಎರಡು ಅಂಡಗಳನ್ನು ಪಡೆದಾಗ ಪರಿಚಾರಿಕೆಯರು ಅವನ್ನು ‘ಸೋಪಸ್ವೇದ’ವಾದ ಭಾಂಡಗಳಲ್ಲಿ ಐನೂರು ವರ್ಷ ಇಟ್ಟರೆಂದು ಹೇಳಿದೆ. ಸ್ವೇದವೆಂಬುದಕ್ಕೆ ಇಲ್ಲಿ ಬೆವರೆಂದು ಅರ್ಥವಲ್ಲ. ಆಯುರ್ವೇದದ ಸ್ವೇದಕರ್ಮದಲ್ಲಿರುವಂತೆ ಹಸಿಬಿಸಿಯಾದ ಶಾಖವೆಂದೇ ಗ್ರಹಿಸಬೇಕು. ಕದ್ರುವಿನ ಮಕ್ಕಳು ಕಾಲಕ್ಕೆ ಸರಿಯಾಗಿ ಹೊರಬಂದರು. ವಿನತೆಯು ಲಜ್ಜೆಯಿಂದಲೂ ಆತುರದಿಂದಲೂ ಒಂದು ಅಂಡವನ್ನು ಒಡೆದಳು. ಒಳಗಿದ್ದ ಅರುಣನಿಗೆ ಮೇಲರ್ಧದ ದೇಹವು ಕೂಡಿದ್ದು ಕೆಳಗಿನದು ಅಪಕ್ವವಾಗಿದ್ದಿತು. ಅವನು ತಾಯಿಯನ್ನು ಶಪಿಸಿ, ಎರಡನೆಯ ಅಂಡವನ್ನಾದರೂ ಇನ್ನೈನೂರು ವರ್ಷ ಧೈರ್ಯದಿಂದ ಕಾಯಬೇಕೆಂದು ಹೇಳಿ ಆಕಾಶಕ್ಕೆ ಏರಿದನು. ಆ ಎರಡನೆಯದರಿಂದ ಬಂದವನು ಗರುಡ.

ಈ ಕಥೆಯನ್ನು ಹಿಡಿದು ವ್ಯಾಸರ ಕಾಲದಲ್ಲಿ ಯಂತ್ರವಿದ್ದಿತೆನ್ನುವುದು ಇತಿಹಾಸವಾಗದು. ಐನೂರು ವರ್ಷದ ಕಾವಿಗೆ ಯಂತ್ರವನ್ನು ಕಲ್ಪಿಸುವವರು ಐನೂರು ವರ್ಷವನ್ನೂ ಒಪ್ಪಬೇಕಾಗುವುದು. ಆದರೆ ಕಥೆಯನ್ನು ಕಟ್ಟಿದವನಿಗೆ ಮೂರು ಸಂಗತಿಗಳು ತಿಳಿದಿದ್ದುವೆಂಬುದು ನಿರ್ವಿವಾದ: ತಾಯಿಯ ಮೈಯಿಂದ ದೂರವಾದ ತತ್ತಿಯೂ ತೇವವುಳ್ಳ ಶಾಖದಲ್ಲಿ ಬೆಳೆಯಬಲ್ಲುದು, ಅದಕ್ಕೆ ನಿಯತವಾದ ಕಾಲವುಂಟು, ಕಾಲಕ್ಕೆ ಮುಂಚೆ ಒಡೆದರೆ ಒಳಗಿನದು ತಲೆಯ ಕಡೆ ತುಂಬಿ ಕಾಲಿನ ಕಡೆ ಕುಂದಿರುವುದು. ಕೊನೆಯದು ವಿಶೇಷವಾಗಿ ವಿಚಾರಾರ್ಹ. ಕಾವು ಕೊಟ್ಟು ಒಂದು ವಾರವಾದ ತತ್ತಿಯನ್ನು ಒಡೆದರೆ ದೊಡ್ಡ ತಲೆಯೂ ದೊಡ್ಡ ಕಣ್ಣೂ ಎದ್ದು ಕಾಣುತ್ತವೆ, ಕಾಲುಗಳು ಮೊಳಕೆಯಷ್ಟಿರುತ್ತವೆ. ಗ್ರೀಕರ ಅರಿಸ್ಟಾಟಲನು ದಿನದಿನಕ್ಕೆ ತತ್ತಿಗಳನ್ನು ಒಡೆಸಿ, ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಬಿಳಿಯ ಲ್ರೋಳೆಯಲ್ಲಿ ರಕ್ತದ ಬಿಂದುವಿನಂತೆ ಹೃದಯವು ಮಿಡಿಯುವುದನ್ನು ಬರೆದಿಟ್ಟನು. ಅರುಣನ ಕಥೆಯ ಹಿಂದೆಯೂ ಅಕಾಲದಲ್ಲಿ ಒಡೆದ ತತ್ತಿಯೊಂದನ್ನು ಕಂಡ ಕಣ್ಣು ಇರುವುದು ಅಸಂಭವವಲ್ಲ.

ಅದೇ ಪರ್ವದಲ್ಲಿ ಗಾಂಧಾರಿಯ ವೃತ್ತಾಂತವನ್ನೂ ಇದರ ಬದಿಯಲ್ಲಿಟ್ಟು ಓದಬೇಕು. ಅಲ್ಲಿ ವ್ಯಾಸನು ಮಾಂಸಪಿಂಡವನ್ನು ತಣ್ಣೀರಿನಿಂದ ತೋಯಿಸಿ, ನೂರೊಂದು ಭಾಗಗಳಾಗಿಸಿ, ತುಪ್ಪ ತುಂಬಿದ ಕುಂಭಗಳಲ್ಲಿ ಇಡಿಸಿ, ಅವನ್ನು ಚೆನ್ನಾಗಿ ಕಾಪಿಡಬೇಕೆಂದೂ ಹೇಳಿದ ಕಾಲಕ್ಕೆ ಮುಂಚೆ ತೆರೆಯಬಾರದೆಂದೂ ವಿಧಿಸುತ್ತಾನೆ. ಬೆಂಕಿಯ ಮಾತು ಇಲ್ಲಿ ಇಲ್ಲ. ವಿನತೆಯ ಕಥೆಯಲ್ಲಿ ಕಾವು ಇದ್ದು ಕಾಪು ತಪ್ಪಿತು. ಗಾಂಧಾರಿಯ ಕಥೆಯಲ್ಲಿ ಕಾಪೇ ಎಲ್ಲವೂ. ಕನ್ನಡದ ಎರಡು ‘ಕಾಯ್’ ಧಾತುಗಳೂ ಒಂದೇ ಪರ್ವದ ಎರಡು ಉಪಾಖ್ಯಾನಗಳಲ್ಲಿ ಪಾಲುಗೊಂಡಂತಿವೆ.

ಜೈನಕಥೆಗಳ ಸಾಕ್ಷ್ಯವು ಇನ್ನೂ ನೆಲಕ್ಕೆ ಹತ್ತಿರವಾದುದು. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು ಕಟ್ಟಿಸಿದನು, ಕ್ರಿ. ಶ. ೧೨೦೪ರ ಅಲ್ಲಿಯ ಶಾಸನಗಳು ಪ್ರಸಿದ್ಧವಾಗಿವೆ. ವೇಣುಗ್ರಾಮದಲ್ಲಿ ಈ ಶಾಸನಗಳು ಹುಟ್ಟಿದ ಐದು ವರ್ಷಗಳಿಗೆ, ೧೨೦೯ರಲ್ಲಿ, ಹೊಯ್ಸಳರ ಆಸ್ಥಾನದಲ್ಲಿ ಜನ್ನನು ಯಶೋಧರಚರಿತೆಯನ್ನು ಮುಗಿಸಿದನು. ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ತಾಯಿಮಕ್ಕಳಿಬ್ಬರೂ ಭವಭವಗಳಲ್ಲಿ ತೊಳಲಿ, ತಿರ್ಯಗ್ಜನ್ಮಗಳ ಕೊನೆಯಲ್ಲಿ ಕೋಳಿಗಳಾಗಿಯೇ ಹುಟ್ಟುವುದು ವಿದಿತವಾದ ವಿಷಯ. ಈ ಕಥೆಯನ್ನು ಹೆಸರುಗಳ ವ್ಯತ್ಯಾಸದೊಡನೆ ಹೇಳುವ ಶ್ವೇತಾಂಬರ ಪರಂಪರೆಯ ಪಾಠದಲ್ಲಿ ಆ ಕೋಳಿಗಳ ಹುಟ್ಟಿನ ರೀತಿಯೂ ಉಕ್ತವಾಗಿದೆ. ತಾಯಿಹೇಂಟೆಯನ್ನು ಬೆಕ್ಕು ಹಿಡಿಯಿತು. ಭಯದಿಂದ ಎರಡು ತತ್ತಿಗಳು ತಿಪ್ಪೆಯ ಮೇಲೆ ಬಿದ್ದುವು. ಒಬ್ಬ ಚಾಂಡಾಲಸ್ತ್ರೀಯು ಅರಿಯದೆ ಅವುಗಳ ಮೇಲೆ ಕಸವನ್ನು ಸುರಿದಳು. ಆ ಕಸದ ಕಾವಿನಿಂದ ತತ್ತಿಗಳು ಉಳಿದು ಮರಿಗಳಾದುವು. ಕೊಳೆಯುವ ಗೊಬ್ಬರದ ರಾಶಿಯು ಒಳಗೆ ಬಿಸಿಯೇರುವುದು ರೈತರೆಲ್ಲರೂ ಬಲ್ಲ ಸಂಗತಿ. ಅರಿಸ್ಟಾಟಲನು ಈಜಿಪ್ಟಿನಲ್ಲಿ ತತ್ತಿಗಳನ್ನು ಗೊಬ್ಬರದ ರಾಶಿಯಲ್ಲಿ ಹೂಳಿ ಮರಿಮಾಡುವರೆಂದು ಬರೆದುದಕ್ಕೂ ಈ ಕಥೆಗೂ ಸಾದೃಶ್ಯವು ಸ್ಪಷ್ಟವಾಗಿದೆ; ಒಂದು ಇನ್ನೊಂದರಿಂದ ಬಂದುದೆಂದು ಹೇಳುವುದಕ್ಕೆ ಆಧಾರವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಆದರೆ ಶಾಸ್ತ್ರವು ಯಾರ ಅಂಗಳವನ್ನು ನೋಡಲಿಲ್ಲವೋ ಆ ಅಂಗಳಕ್ಕೆ ಕಥೆಯು ನೇರವಾಗಿ ಹೋಗಿದೆಯೆಂಬುದು ಮರೆಯತಕ್ಕ ಮಾತಲ್ಲ. ಪರಿಚಾರಿಕೆಯರು, ಚಾಂಡಾಲಸ್ತ್ರೀ: ತತ್ತಿಯ ಬಳಿ ಇರುವ ಕೈಗಳೆಲ್ಲವೂ ಇಂಥವರವೇ.

ಈಜಿಪ್ಟಿನ ಗೊಬ್ಬರದ ರಾಶಿಯು ಕಾಲಕ್ರಮದಲ್ಲಿ ಇಟ್ಟಿಗೆಯ ಗೂಡಾಯಿತು. ನಡುವೆ ಓಣಿ, ಎರಡು ಬದಿಗೂ ಮೇಲುಕೆಳಗಾಗಿ ಕೋಣೆಗಳು, ಹುಲ್ಲು ಮತ್ತು ಬೆರಣಿಯ ಮಂದಾಗ್ನಿ. ಸಾವಿರಾರು ತತ್ತಿಗಳು ಒಮ್ಮೆಗೇ ಅಲ್ಲಿ ಮರಿಯಾಗುತ್ತಿದ್ದುವು. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ತತ್ತಿಯನ್ನು ಕಣ್ಣೆವೆಗೆ ತಾಗಿಸಿ ಬಿಸಿಯನ್ನು ಅಳೆಯುತ್ತಿದ್ದರು. ಚೀನರು ಹುರಿದ ಧಾನ್ಯದ ಬಿಸಿಯಿಂದಲೂ ವಂಗದೇಶೀಯರು ಬತ್ತದ ಹೊಟ್ಟಿನ ಬುಟ್ಟಿಗಳಿಂದಲೂ ಬಾತುಕೋಳಿಯ ಮರಿಗಳನ್ನು ಪಡೆದರು. ಫ್ರಾನ್ಸಿನ ರೇಓಮ್ಯೂರನು ೧೭೪೯ರಲ್ಲಿ ಈ ವಿದ್ಯೆಯ ಮೇಲೆ ಗ್ರಂಥವನ್ನು ಪ್ರಕಟಿಸಿ, ಗೊಬ್ಬರದಲ್ಲಿ ಹುಗಿದ ಪೀಪಾಯಿಗಳಲ್ಲಿ ಉಷ್ಣಮಾಪಕವನ್ನು ಇಟ್ಟು ಪ್ರಯೋಗ ಮಾಡಿದನು. ಅಲ್ಲಿಂದ ಕಣ್ಣೆವೆಯ ಕೆಲಸವು ಗಾಜಿನ ಕೊಳವೆಗೆ ಬಂದಿತು. ೧೮೮೧ರಲ್ಲಿ ಇಂಗ್ಲೆಂಡಿನ ಹಿಯರ್ಸನ್ ಎಂಬವನು, ಬೇಗ ಆವಿಯಾಗುವ ದ್ರವವನ್ನು ತುಂಬಿದ ಸಣ್ಣ ಬಿಲ್ಲೆಯೊಂದು ಉಬ್ಬಿ ಕುಗ್ಗುವುದರಿಂದಲೇ ದೀಪದ ಶಾಖವನ್ನು ಹತೋಟಿಯಲ್ಲಿಡುವ ಪೆಟ್ಟಿಗೆಯನ್ನು ರಚಿಸಿದನು. ಇಂದಿನ ಮನೆಯ ಪೆಟ್ಟಿಗೆಯಲ್ಲಿ ಆ ಬಿಲ್ಲೆಯ ಕೆಲಸವನ್ನು ವಿದ್ಯುದುಪಕರಣವು ಮಾಡುತ್ತಿದೆ, ತತ್ತ್ವದಲ್ಲಿ ಭೇದವಿಲ್ಲ.

ಆ ಪೆಟ್ಟಿಗೆಯು ಕೇಳುವುದೇನು? ಗಾಳಿಯಾಡುವ ಪೆಟ್ಟಿಗೆಯಲ್ಲಿ ಮೂವತ್ತೇಳೂವರೆ ಸೆಲ್ಸಿಯಸ್ ಅಂಶದ ಉಷ್ಣ. ಹದಿನೆಂಟು ದಿನಗಳವರೆಗೆ ನೂರಕ್ಕೆ ಐವತ್ತೈದರ ಆಸುಪಾಸಿನ ತೇವ, ಆಮೇಲೆ ಎಪ್ಪತ್ತರ ಹತ್ತಿರ. ದಿನಕ್ಕೆ ಮೂರು ಸಲವೋ ಐದು ಸಲವೋ ತತ್ತಿಯನ್ನು ಹೊರಳಿಸುವುದು. ಬೆಸಸಂಖ್ಯೆಯೇ ಏಕೆಂದರೆ ದೀರ್ಘವಾದ ರಾತ್ರಿಯಲ್ಲಿ ತತ್ತಿಯು ಪ್ರತಿದಿನವೂ ಒಂದೇ ಮಗ್ಗುಲಾಗಿ ಬೀಳಬಾರದು. ಹೊರಳಿಸದಿದ್ದರೆ ಭ್ರೂಣವು ಪೊರೆಗೆ ಅಂಟಿಕೊಂಡು ಕೆಡುವುದು. ಹೇಂಟೆಯಾದರೋ ಇದನ್ನು ಕೊಕ್ಕಿನಿಂದಲೂ ಕಾಲಿನಿಂದಲೂ ಹಗಲಿರುಳು ಎಷ್ಟೋ ಬಾರಿ ತಾನೇ ಮಾಡುತ್ತದೆ, ನಡುವಿನ ತತ್ತಿಯನ್ನು ಅಂಚಿಗೂ ಅಂಚಿನದನ್ನು ನಡುವಿಗೂ ಸರಿಸುತ್ತದೆ, ಮೇವಿಗಾಗಿ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಎದ್ದುಹೋಗುತ್ತದೆ. ಏಳನೆಯ ದಿನ ದೀಪದ ಬೆಳಕಿಗೆ ಹಿಡಿದು ನೋಡಿದರೆ ಜೀವವಿದ್ದ ತತ್ತಿಯಲ್ಲಿ ಜೇಡನ ಬಲೆಯಂಥ ನೆತ್ತರಗೆರೆಗಳು ಕಾಣುತ್ತವೆ; ಬರಿದಾದುದು ಸ್ವಚ್ಛವಾಗಿ ಬೆಳಗುತ್ತದೆ.

ಉಷ್ಣವನ್ನು ಉಪಕರಣವು ಕಾಯುತ್ತದೆ. ತೇವವನ್ನು ಕಾಯುವುದು ಮನುಷ್ಯನ ಪಾಲಿಗೆ ಉಳಿಯುತ್ತದೆ. ಬೆಳಗಾವಿಗೂ ಖಾನಾಪುರಕ್ಕೂ ಅಂತರವು ಹೆಚ್ಚಿಲ್ಲದಿದ್ದರೂ ಈ ವಿಷಯದಲ್ಲಿ ಭೇದವುಂಟು. ನಗರದಲ್ಲಿ ಬೇಸಗೆಯ ಒಣಹವೆಯಲ್ಲಿ ನೀರಿನ ಬಟ್ಟಲು ಬತ್ತಿದರೆ ತತ್ತಿಯು ಅತಿಯಾಗಿ ಒಣಗಿ ಮರಿಯು ಪೊರೆಗೆ ಅಂಟಿ ನಿಲ್ಲುವುದು. ಖಾನಾಪುರದ ಕಾಡಂಚಿನ ಊರುಗಳಲ್ಲಿ ಮಳೆಗಾಲದಲ್ಲಿ ಗೋಡೆಯೂ ಬಟ್ಟೆಯೂ ತೇವದಿಂದ ಒಸರುತ್ತಿರುವಾಗ ಬಟ್ಟಲಿಗೆ ನೀರು ಹಾಕಿದರೆ ವಿಪರೀತವಾಗುವುದು. ಒಳಗಿನ ನೀರು ಹೊರಹೋಗದೆ, ಮೊಂಡುತುದಿಯ ಗಾಳಿಗೂಡು ಹಿಗ್ಗದೆ, ಉಸಿರಿಗೆ ಮೊದಲ ಬಾರಿ ಬಾಯ್ದೆರೆಯಬೇಕಾದ ಮರಿಯು ಒಳಗೇ ಮುಳುಗುವುದು. ಬುದ್ಧಘೋಷನು ಹೇಳಿದ ಹಸಿಸ್ನೇಹದ ಕ್ಷಯವೆಂಬುದು ಇದೇ. ಆದುದರಿಂದ ಬೇರೆ ದೇಶದ ಹವೆಗೆ ಬರೆದ ಸೂಚನಾಪತ್ರವನ್ನು ನಂಬದೆ ತತ್ತಿಯನ್ನು ತೂಗಿ ನೋಡುವುದೇ ಇಲ್ಲಿ ಪ್ರಮಾಣ. ವಿದ್ಯುತ್ತು ಹೋದ ರಾತ್ರಿಯಲ್ಲಿ ಪೆಟ್ಟಿಗೆಗೆ ಕಂಬಳಿ ಹೊದಿಸಿ ಬಿಸಿನೀರಿನ ಪಾತ್ರೆಯನ್ನು ಒಳಗಿಟ್ಟು ಎಚ್ಚರದಿಂದ ಕೂಡುವವರನ್ನು ಕಂಡರೆ, ಕಾಪಿನ ಅರ್ಧವು ಯಂತ್ರದೊಳಗೆ ಹೋಗಿಲ್ಲವೆಂಬುದು ಮನದಟ್ಟಾಗುತ್ತದೆ.

ಖಾನಾಪುರವು ಕುಂಬಾರಿಕೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯು ನೆಲೆಸಿರುವುದೂ ಅಲ್ಲಿಯೇ. ತಾಲೂಕು ಬತ್ತದ ಸೀಮೆಯೂ ಹೌದು. ಆದಿಪರ್ವದ ಭಾಂಡಕ್ಕೂ ವಂಗದ ಹೊಟ್ಟಿನ ಬುಟ್ಟಿಗೂ ಬೇಕಾದ ಸಾಮಗ್ರಿಗಳೆರಡೂ ಒಂದೇ ಎಡೆಯಲ್ಲಿ ಇದ್ದುವು. ಇದ್ದರೂ ಹಳ್ಳಿಗರು ಅವನ್ನು ಕೃತಕವಾದ ಕಾವಿಗೆ ಹಚ್ಚಿದ ಪರಂಪರೆಯು ಪ್ರಸಿದ್ಧವಾಗಿಲ್ಲ. ಹುಲ್ಲು ಹಾಸಿದ ಬುಟ್ಟಿಯಲ್ಲಿ ಹೇಂಟೆಯನ್ನೇ ಕೂರಿಸುವುದು ರೂಢಿ. ಕಾರಣವು ಸರಳ: ಜವಾರಿ ಹೇಂಟೆಯು ಹತ್ತು ಹದಿನೈದು ತತ್ತಿಯಿಟ್ಟ ಮೇಲೆ ತಾನಾಗಿಯೇ ಕಾವಿಗೆ ಕೂಡುವಾಗ ಯಂತ್ರದ ಪ್ರಯೋಜನವು ಅವರಿಗೆ ತೋರಲಿಲ್ಲ.

ಈಗ ತೋರಿರುವುದು ಏಕೆ? ಕಾವಿಗೆ ಕೂತ ಹೇಂಟೆಯು ತತ್ತಿಯಿಡುವುದನ್ನು ನಿಲ್ಲಿಸುತ್ತದೆ. ಮರಿಗಳನ್ನು ಬೆಳೆಸಿ ಬಿಡುವವರೆಗೂ ಮತ್ತೆ ಇಡುವುದಿಲ್ಲ. ಹೆಚ್ಚು ತತ್ತಿಯನ್ನು ಬಯಸಿದವರು ಪೀಳಿಗೆಯಿಂದ ಪೀಳಿಗೆಗೆ ಕಾವಿಗೆ ಕೂಡದ ಹೇಂಟೆಗಳನ್ನೇ ಆರಿಸುತ್ತ ಬಂದರೆ ಕಾವಿನ ಸ್ವಭಾವವೇ ಆ ಕುಲದಿಂದ ಅಳಿಯುವುದು. ಬಿಳಿಯ ಲೆಗ್‌ಹಾರ್ನ್ ಕೋಳಿಯು ಹಾಗಾಯಿತು. ಗೂಡುಗಳ ನಾಡಾದ ಈಜಿಪ್ಟಿನ ಫಯೂಮಿ ಕೋಳಿಯಲ್ಲಿಯೂ ಕಾವಿಗೆ ಕೂಡುವುದು ವಿರಳ. ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ೧೯೮೯ರಲ್ಲಿ ಹಿತ್ತಿಲ ಸಾಕಣೆಗೆಂದು ಗಿರಿರಾಜವೆಂಬ ತಳಿಯನ್ನು ಹೊರತಂದಿತು. ಬೀದರಿನ ಪಶುವೈದ್ಯ ವಿಶ್ವವಿದ್ಯಾನಿಲಯದಿಂದ ಸ್ವರ್ಣಧಾರಾ ಬಂದಿತು. ಜವಾರಿ ಹೇಂಟೆಯು ವರ್ಷಕ್ಕೆ ಐವತ್ತು ಅರವತ್ತು ತತ್ತಿಯಿಟ್ಟರೆ ಗಿರಿರಾಜವು ನೂರಕ್ಕೆ ಮಿಕ್ಕಿ ಇಡುವುದು, ಮೈಯಲ್ಲಿಯೂ ತುಂಬಿಕೊಳ್ಳುವುದು. ಬಡವರ ಮನೆಗೆ ಅದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅದು ಕಾವಿಗೆ ಕೂಡುವುದಿಲ್ಲ. ಮೇಲಾಗಿ ಸಂಕರದಿಂದ ಹುಟ್ಟಿದ ತಳಿಯಾದುದರಿಂದ ಅದರ ತತ್ತಿಗಳನ್ನು ಮರಿಮಾಡಿದರೆ ಆ ಮರಿಗಳಲ್ಲಿ ಮೂಲದ ಗುಣವು ಪೂರ್ಣವಾಗಿ ನಿಲ್ಲುವುದಿಲ್ಲ. ಯಂತ್ರವು ಹೇಂಟೆಯ ಸ್ಥಾನಕ್ಕೆ ಬಂದಿತೆಂದು ಹೇಳುವುದು ಅರ್ಧ ಮಾತು. ಯಂತ್ರವನ್ನು ನಂಬಿಯೇ ಹೇಂಟೆಯಿಂದ ಕಾವನ್ನು ತೆಗೆದರೆಂಬುದು ಉಳಿದರ್ಧ. ಒಮ್ಮೆ ಜವಾರಿ ಕುಲವು ಊರಿನಿಂದ ಹೋದರೆ ಮರಿಗಾಗಿ ಪ್ರತಿಸಲವೂ ಹೊರಗಿನ ಮರಿಕೇಂದ್ರದ ಬಾಗಿಲಿಗೆ ಹೋಗಬೇಕಾದೀತು. ಎಷ್ಟು ತತ್ತಿ, ಯಾವ ಬುಟ್ಟಿ, ಯಾವ ಮೂಲೆ ಎಂದು ಬಲ್ಲ ಹೆಂಗಸರ ಅರಿವೂ ಅದರೊಡನೆ ಹೋದೀತು. ಆ ಅರಿವನ್ನು ಯಾವ ಶಾಸ್ತ್ರವೂ ಬರೆದಿಟ್ಟಿಲ್ಲವೆಂಬುದು ಮೇಲಿನ ವಿಚಾರದಿಂದ ವ್ಯಕ್ತವಾಗಿದೆ.

ಹಳ್ಳಿಗಳಲ್ಲಿ ಇದಕ್ಕೆ ಮಧ್ಯಮಮಾರ್ಗವೊಂದನ್ನು ಜನರು ಕಂಡುಕೊಂಡಿದ್ದಾರೆ. ಗಿರಿರಾಜದ ತತ್ತಿಗಳನ್ನು ಜವಾರಿ ಹೇಂಟೆಯ ಕೆಳಗಿಟ್ಟು ಮರಿಮಾಡಿಸುವರು. ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಗಳನ್ನಾದರೂ ಕಾವಿನಲ್ಲಿರುವ ಹೇಂಟೆಯ ರೆಕ್ಕೆಯ ಕೆಳಗೆ ಕತ್ತಲೆಯಲ್ಲಿ ಸರಿಸಿಬಿಡುವರು; ಬೆಳಗಾದಾಗ ಅದು ಅವನ್ನು ತನ್ನವೆಂದೇ ಕರೆದು ಮೇಯಿಸುತ್ತದೆ. ಪೆಟ್ಟಿಗೆಯನ್ನೇ ನಂಬಿದವರು ಹದಿನೆಂಟನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ, ನೀರನ್ನು ಹೆಚ್ಚಿಸಿ, ಮುಚ್ಚಳವನ್ನು ಹಾಕಿದರೆ ಮತ್ತೆ ತೆಗೆಯಬಾರದು. ಓಡಿನಲ್ಲಿ ಮೊದಲ ಬಿರುಕು ಬಿಟ್ಟ ಮೇಲೂ ಮರಿಯು ಹೊರಬರುವುದಕ್ಕೆ ಒಂದು ಹಗಲುರಾತ್ರಿ ಹಿಡಿಯಬಹುದು. ಆ ಹೊತ್ತಿನಲ್ಲಿ ಅದು ಹಳದಿಯ ಶೇಷವನ್ನು ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತಿರುತ್ತದೆ, ಪೊರೆಯ ನೆತ್ತರು ಮೈಗೆ ಸೇರುತ್ತಿರುತ್ತದೆ. ಕನಿಕರದಿಂದ ಓಡನ್ನು ಬಿಡಿಸುವ ಕೈಗೆ ನೆತ್ತರು ಹತ್ತುತ್ತದೆ, ಮರಿಯು ಅರುಣನಂತೆ ಅಪೂರ್ಣವಾಗಿ ಬರುತ್ತದೆ.

ಈ ಯಂತ್ರಕ್ಕೆ ಕನ್ನಡದ ಹೆಸರನ್ನು ಕೇಳುವವರಿಗೆ ‘ಕಾವುಪೆಟ್ಟಿಗೆ’ ಎಂಬುದು ಸಾಕು. ಅಂಡಸ್ವೇದನಯಂತ್ರವೆಂದು ಸಂಸ್ಕೃತದಲ್ಲಿ ಕಟ್ಟಬಹುದಾದರೂ ಅದು ಬಿಸಿಯನ್ನಷ್ಟೇ ಹೇಳುವುದು, ಅಧಿಶಯನವೆಂಬುದು ಸುಳ್ಳಾಗುವುದು. ‘ಕಾವು’ ಎಂಬಲ್ಲಿ ಧಾತುವನ್ನು ಯಾವ ಅರ್ಥದಲ್ಲಿ ಹಿಡಿಯಬೇಕೆಂಬುದನ್ನು ಪೆಟ್ಟಿಗೆಯ ಪಕ್ಕದಲ್ಲಿ ಕೂತವರಿಗೆ ಬಿಡಬಹುದು.